ಪಾದಚಾರಿ ಎಂಬ ಅಪರಿಚಿತ ವಸ್ತು

ನಮ್ಮ ಹಿರೇಕೆರೆ ನಗರದ ಜನಕ್ಕೆ ದೇವರು ಕಾಲು ಕೊಟ್ಟಿರುವುದು ಚಪ್ಪಲಿ ಅಂಗಡಿಯವರ ಹೊಟ್ಟೆಪಾಡಿಗೆ ಎಂದು ನಾನು ಬಹಳ ಕಾಲ ನಂಬಿದ್ದೆ. ಆಮೇಲೆ ಊರಿನ ಕೊನೆಯ ಚಪ್ಪಲಿ ಅಂಗಡಿಯೂ ಮುಚ್ಚಿತು. ಹಜಾರದಿಂದ ನೇರ ಕಾರಿನ ಸೀಟಿಗೆ, ಸೀಟಿನಿಂದ ನೇರ ಆಫೀಸಿನ ಕುರ್ಚಿಗೆ ಜಾರುವವರಿಗೆ ಚಪ್ಪಲಿ ಯಾಕೆ ಬೇಕು? ದೇವಸ್ಥಾನದಲ್ಲಿ ಅರ್ಚಕರು ಮಂಗಳಾರತಿ ತಟ್ಟೆಯನ್ನು ಕಾರಿನ ಕಿಟಕಿಯೊಳಗೆ ಚಾಚುತ್ತಾರೆ, ಭಕ್ತರು ಬೆಲ್ಟು ಬಿಚ್ಚದೆ ಕಣ್ಣಿಗೊತ್ತಿಕೊಳ್ಳುತ್ತಾರೆ. ಪ್ರದಕ್ಷಿಣೆಗೆ ಒನ್ ವೇ ಇದೆ. ಮದುವೆಗೆ ಹೋದರೆ ಗಾಜು ಇಳಿಸಿ ಅಕ್ಷತೆ ಎಸೆದು, ಊಟದ ಡಬ್ಬಿ ಈಸಿಕೊಂಡು ಮುಂದೆ ಸರಿಯಬೇಕು, ಇಲ್ಲದಿದ್ದರೆ ಹಿಂದಿನ ಕಾರಿನ ನೆಂಟ ಹಾರ್ನ್ ಒತ್ತುತ್ತಾನೆ. ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆಯಿರಿ ಎಂದರೆ, ಇವರು ಕಾರು ಹತ್ತಿ ಊರಾಚೆಯ ಜಿಮ್ಮಿಗೆ ಹೋಗಿ, ಉರುಳುವ ಪಟ್ಟಿಯ ಮೇಲೆ ನಿಂತಲ್ಲೇ ನಡೆದು, ಕಾರು ಹತ್ತಿ ಮನೆಗೆ ಬರುತ್ತಾರೆ. ದಾರಿಯಲ್ಲಿ ಹಸಿವಾಯಿತೆಂದು ಎರಡು ಪ್ಲೇಟು ಬಜ್ಜಿ ಬೇರೆ.

ನನ್ನ ಹೆಸರು ಸಹನಾ. ಇಟ್ಟವರು ನನ್ನನ್ನು ಒಂದು ಮಾತು ಕೇಳಬಹುದಿತ್ತು. ಊರಿನ ವಾಹನ ನಿಯಂತ್ರಣ ಕೇಂದ್ರದಲ್ಲಿ ನಾನು ಹಿರಿಯ ಎಂಜಿನಿಯರ್. ಮದುವೆಯ ಗೋಜಿಗೆ ಹೋಗಲಿಲ್ಲ. ನಿಯಂತ್ರಣ ಕೇಂದ್ರದ ಹಿಂದಿನ ಬೀದಿಯಲ್ಲೇ ಮನೆ, ಮನೆಯ ಮುಂದೆ ಒಂದು ಕರಿಬೇವಿನ ಗಿಡ.

ನಾವು ನಡೆಸುವ ಯಂತ್ರದ ಹೆಸರು ದಾರಿಗಣ್ಣು. ಪ್ರತಿ ದೀಪದ ಕಂಬದಲ್ಲೂ ಪ್ರತಿ ಕಾರಿನ ಮೂತಿಯಲ್ಲೂ ಅದರ ಕಣ್ಣಿದೆ. ಯಾವ ಕಾರು ಹೊರಡಬೇಕು, ಯಾವುದು ನಿಲ್ಲಬೇಕು ಎಂದು ಅದೇ ತೀರ್ಮಾನಿಸುತ್ತದೆ. ಒಳಗೆ ಕೂತವರು ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ತಾವೇ ಓಡಿಸುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಕಾಲಬುಡದಲ್ಲಿ ಬ್ರೇಕು ಇದೆ, ಆದರೆ ಹಲವರು ಅದರ ಮೇಲೆ ಊಟದ ಚೀಲ ಇಡುತ್ತಾರೆ. ದಾರಿಗಣ್ಣಿಗೆ ಯಾವ ಯಾವ ವಸ್ತು ಗೊತ್ತಿರಬೇಕು ಎಂಬುದಕ್ಕೆ ಒಂದು ವರ್ಗೀಕರಣವಿದೆ. ಅದರಲ್ಲಿ ಕಾರು, ಲಾರಿ, ಗೋಡೆ, ಹಸು, ಎಮ್ಮೆ, ನಾಯಿ, ರಾಜಕಾರಣಿಗಳ ಪ್ರತಿಮೆ ಎಲ್ಲ ಇದ್ದವು. ಮನುಷ್ಯ ಇರಲಿಲ್ಲ. ಮನುಷ್ಯ ಕಾರಿನ ಒಳಗಿರುವ ಪ್ರಾಣಿ, ಅವನನ್ನು ಹೊರಗೆ ಯಾಕೆ ಹುಡುಕಬೇಕು ಎಂದು ಎಲ್ಲರೂ ಒಪ್ಪಿದ್ದರು. ವರ್ಗೀಕರಣದಲ್ಲಿಲ್ಲದ್ದು ಎದುರಿಗೆ ಬಂದರೆ ಅದು ಅಪರಿಚಿತ ವಸ್ತು. ಕಾರುಗಳು ನಿಲ್ಲುತ್ತವೆ, ಎಳೆದೊಯ್ಯುವ ಲಾರಿಗೆ ಕರೆ ಹೋಗುತ್ತದೆ.

ನಾನು ಕಾರು ಬಿಟ್ಟದ್ದಕ್ಕೆ ದೊಡ್ಡ ತತ್ವವೇನೂ ಇಲ್ಲ. ಒಂದು ದಿನ ಸಾರಿಗೆ ಹುಣಸೆಹಣ್ಣು ಇರಲಿಲ್ಲ. ಅಂಗಡಿ ನನ್ನ ಮನೆಯ ಎದುರಿಗೇ ಇದೆ, ಅಂಗಡಿಯವಳು ಸೀನಿದರೆ ನನಗೆ ಕೇಳಿಸುತ್ತದೆ. ಆದರೆ ಕಾರಿನಲ್ಲಿ ಅಲ್ಲಿಗೆ ಹೋಗಲು ಎರಡು ಮೇಲ್ಸೇತುವೆ ಹತ್ತಿ ಇಳಿಯಬೇಕು. ಮೊದಲನೆಯ ಸೇತುವೆಯ ಮೇಲೆ ಸಿಕ್ಕಿಹಾಕಿಕೊಂಡು, ಕೆಳಗೆ ಕಾಣುತ್ತಿದ್ದ ಆ ಅಂಗಡಿಯನ್ನೂ ನನ್ನ ಕರಿಬೇವಿನ ಗಿಡವನ್ನೂ ನೋಡುತ್ತಾ ಕೂತಿದ್ದಾಗ, ನನ್ನ ಮೇಲೆ ನನಗೇ ಅಸಹ್ಯವಾಯಿತು. ಮರುದಿನ ಕಾರು ಮಾರಿ, ರಸ್ತೆ ದಾಟಿ ಹುಣಸೆಹಣ್ಣು ತಂದೆ. ಅಂಗಡಿಯವಳು ನನ್ನ ಹಿಂದೆ ಕಾರು ಹುಡುಕಿದಳು.

ಅಂದಿನಿಂದ ನಾನು ಹೊರಗೆ ಕಾಲಿಟ್ಟಾಗಲೆಲ್ಲ ಎಳೆದೊಯ್ಯುವ ಲಾರಿ ಬರತೊಡಗಿತು. ಅದರ ಡ್ರೈವರ್ ಬೀರೇಶ ಒಳ್ಳೆಯವನೇ, ಆದರೆ ತಲೆಯಲ್ಲಿ ಒಂದೇ ಪ್ರಶ್ನೆ. ಪ್ರತಿ ಸಲವೂ ಇಳಿಯದೆ, ಗಾಡಿ ಎಲ್ಲಿ ಕೆಟ್ಟಿದೆ ಮೇಡಂ ಎಂದು ಕೇಳುತ್ತಿದ್ದ. ಗಾಡಿಯೇ ಇಲ್ಲ ಎಂದರೆ, ಅಯ್ಯೋ ಯಾರು ಕದ್ದರು ಎನ್ನುತ್ತಿದ್ದ. ವರ್ಷವಾದರೂ ಅವನಿಗೆ ಉತ್ತರ ಅರ್ಥವಾಗಲಿಲ್ಲ. ಕೊನೆಗೆ ನಾನೇ ಎಂಜಿನ್ ಹೋಗಿದೆ ಕಣಪ್ಪ ಎಂದು ಹೇಳಿ ಅವನನ್ನು ಕಳಿಸುತ್ತಿದ್ದೆ.

ಇದನ್ನೆಲ್ಲ ನಗುತ್ತಾ ಸಹಿಸಬಹುದಿತ್ತು. ಆದರೆ ನಮ್ಮ ನಗರದಲ್ಲಿ ಒಂದು ಕಾಯಿದೆ ಇದೆ. ದಾರಿಗಣ್ಣು ಗುರುತಿಸುವ ಸಂಚಾರ ಸಾಧನ ಯಾರ ಬಳಿ ವರ್ಷಕ್ಕೂ ಮೀರಿ ಇರುವುದಿಲ್ಲವೋ ಅವರು ಆಶ್ರಿತರು. ಆಶ್ರಿತರಿಗೆ ರಕ್ತಸಂಬಂಧಿಯೊಬ್ಬ ಪೋಷಕನಾಗಬೇಕು. ಅವರು ಎಲ್ಲಿರಬೇಕು, ಏನು ಮಾಡಬೇಕು ಎನ್ನುವುದು ಅವನ ಕೈಯಲ್ಲಿ. ಹುಚ್ಚರಿಗೂ ಹಸುಗೂಸುಗಳಿಗೂ ಇರುವ ಏರ್ಪಾಡನ್ನೇ ನಡೆಯುವವರಿಗೂ ಮಾಡಿದ್ದರು. ನನ್ನ ತಮ್ಮ ಭುವನ್ ನನಗೆ ಪೋಷಕನಾಗಲು ಅರ್ಜಿ ಹಾಕಿದ.

ಅವನು ಅದನ್ನು ಹೇಳಲು ಬಂದದ್ದು ಭಾನುವಾರ. ಗೇಟಿನೊಳಗೆ ಕಾರು ತಂದು, ಅಡುಗೆಮನೆಯ ಕಿಟಕಿಗೆ ಒತ್ತಿ ನಿಲ್ಲಿಸಿ, ಒಳಗೇ ಕೂತು ಮಾತಾಡಿದ. ನಾನು ಒಗ್ಗರಣೆ ಹಾಕುತ್ತಿದ್ದೆ. ಅವನ ಮಗಳು ಇಂಚರಾಗೆ ಸಂಬಂಧ ಕೂಡಿಬಂದಿದೆಯಂತೆ. ಗಂಡಿನ ಕಡೆಯವರು, ಹುಡುಗಿಯ ಸೋದರತ್ತೆ ಬೀದಿಯಲ್ಲಿ ನಡೀತಾರಂತೆ ಹೌದಾ ಎಂದು ವಿಚಾರಿಸಿದರಂತೆ. ನಡೆಯುವ ರೋಗ ವಂಶದಲ್ಲಿ ಇಳಿದು ಬರುತ್ತದೆಯೋ ಎಂದೂ ಕೇಳಿದರಂತೆ. ಊರಾಚೆ ಆರನೇ ವರ್ತುಲ ರಸ್ತೆಯಲ್ಲಿ ಒಂದು ವಿಶ್ರಾಂತಿಧಾಮವಿದೆ, ಸುತ್ತ ಹೂದೋಟ, ದಿನಾ ಪಾಯಸ, ಕಾರಿಲ್ಲದೆ ಹೊರಬೀಳಲು ಮಾತ್ರ ಆಗುವುದಿಲ್ಲ. ನನ್ನನ್ನು ಅಲ್ಲಿ ಬಿಡುವುದು ಅವನ ಯೋಚನೆ.

"ನಿನ್ನ ಒಳ್ಳೇದಕ್ಕೇ ಅಕ್ಕ," ಎಂದ. "ಯಾವನೋ ಗುದ್ದಿ ಹೋದ್ರೆ ನಾನು ಅಮ್ಮನ ಫೋಟೋ ಮುಂದೆ ನಿಂತು ಏನು ಹೇಳ್ಲಿ?"

"ಕಾರಿಂದ ಇಳಿದು ನಿಂತ್ಕೊಂಡು ಹೇಳು," ಎಂದೆ. "ಅಮ್ಮನಿಗೆ ಅಷ್ಟಾದ್ರೂ ಮರ್ಯಾದೆ ಕೊಡು."

ಅವನು ಗಾಜು ಏರಿಸಿದ. ಅವನಿಗೆ ನನ್ನ ಮೇಲೆ ಪ್ರೀತಿಯಿತ್ತು, ಅದೇ ತೊಂದರೆ. ದ್ವೇಷವಿದ್ದಿದ್ದರೆ ಎದುರಿಸುವುದು ಸುಲಭ.

ವಿಚಾರಣಾಧಿಕಾರಿ ಲಿಖಿತ್ ಗೌಡರ ಕಚೇರಿಗೆ ಬಾಗಿಲೇ ಇಲ್ಲ. ಕಾರುಗಳ ಸಾಲಿಗೆ ಎದುರಾಗಿ ಒಂದು ಕಿಟಕಿ ಇದೆ. ನನ್ನ ಮುಂದೆ ಒಂದು ಕೆಂಪು ಕಾರು, ಹಿಂದೆ ಒಂದು ಬಿಳಿ ಕಾರು, ನಡುವೆ ನಾನು ನಿಂತುಕೊಂಡೇ ಮುಂದೆ ಸರಿದೆ. ಅವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ, ನಾನು ಕಾರಿಲ್ಲದೆ ಬಂದಿರುವುದನ್ನು ನೋಡಿ, ಪಾಪ ಎಂದರು. ಆಮೇಲೆ ಕಾಯಿದೆ ಓದಿ ಹೇಳಿದರು. ದಾರಿಗಣ್ಣು ನಿಮ್ಮನ್ನು ಅಪರಿಚಿತ ವಸ್ತು ಎನ್ನುವ ತನಕ ನೀವು ಆಶ್ರಿತರೇ. ಅದರ ವರ್ಗೀಕರಣದಲ್ಲಿ ಪಾದಚಾರಿ ಎಂದು ಬಂದರೆ ನಿಮ್ಮ ಕಾಲೂ ಒಂದು ಸಾಧನ, ಆಗ ನಿಮ್ಮ ತಮ್ಮನ ಅರ್ಜಿ ವಜಾ. ದಸರಾ ರಜೆ ಮುಗಿದ ಮೇಲೆ ತೀರ್ಪು ಕೊಡುತ್ತೇನೆ ಎಂದರು. ಅಷ್ಟರೊಳಗೆ ನಾನು ದಾರಿಗಣ್ಣಿಗೆ ಮನುಷ್ಯನ ಪರಿಚಯ ಮಾಡಿಸಬೇಕಿತ್ತು. ಇಲ್ಲದಿದ್ದರೆ ನನಗೆ ಪಾಯಸವೇ ಗತಿ.

ನಮ್ಮ ಕೇಂದ್ರದ ಮುಖ್ಯಸ್ಥ ಡಾ. ನಿಶ್ಚಲ್. ಬುದ್ಧಿವಂತ, ಆದರೆ ಕೆಲಸ ಬೇಗ ಮುಗಿಯುವುದಾದರೆ ಬುದ್ಧಿಯನ್ನು ಬದಿಗಿಡಲು ಸದಾ ಸಿದ್ಧ. ಪಾದಚಾರಿಯ ವರ್ಗ ಸೇರಿಸಲು ಅವರು ಒಪ್ಪಿದರು. ಒಂದು ವಸ್ತುವನ್ನು ದಾರಿಗಣ್ಣಿಗೆ ಕಲಿಸಬೇಕಾದರೆ ಅದರ ಸಾವಿರಾರು ಚಿತ್ರ ತೋರಿಸಬೇಕು. ಗಿಡ್ಡ, ಉದ್ದ, ಮುದುಕ, ಮಗು, ಬೋಳುತಲೆ, ಜಡೆ, ಎಲ್ಲ ಬಗೆಯ ಮನುಷ್ಯರನ್ನೂ ತೋರಿಸಿ ಎಂದು ನಾನು ಹೇಳಿದೆ. ಬೇರೆ ಊರಿಂದ ಚಿತ್ರ ತರಿಸಲು ಟೆಂಡರ್ ಕರೆಯಬೇಕು, ಅದಕ್ಕೆಲ್ಲ ಸಮಯವೆಲ್ಲಿ ಎಂದರು ಅವರು.

"ಈ ಊರಲ್ಲಿ ನಡೆಯೋರು ನೀವೊಬ್ರೇ ತಾನೇ ಮೇಡಂ? ಅದಕ್ಕೆ ನಿಮ್ಮ ಗುರುತು ಸಿಕ್ಕಿದ್ರೆ ಸಾಕು."

ಹಾಗೆ ಬೀರೇಶನ ಲಾರಿಯ ಕ್ಯಾಮೆರಾದಲ್ಲಿ ಸೇರಿದ್ದ ನನ್ನ ಚಿತ್ರಗಳನ್ನೆಲ್ಲ ದಾರಿಗಣ್ಣಿಗೆ ಉಣಿಸಿದರು. ನಾನು ಹುಣಸೆಹಣ್ಣು ತರುತ್ತಿರುವುದು, ನಾನು ಹಾಲು ತರುತ್ತಿರುವುದು, ನಾನು ಬೀರೇಶನಿಗೆ ಬೈಯುತ್ತಿರುವುದು. ಮನುಷ್ಯಕುಲವೆಂದರೆ ದಾರಿಗಣ್ಣಿನ ಪಾಲಿಗೆ ನಾನೊಬ್ಬಳೇ. ಜೊತೆಗೆ ನಿಶ್ಚಲ್ ಇನ್ನೊಂದು ಜಾಣತನ ಮಾಡಿದರು. ಮನುಷ್ಯನೂ ವರ್ಗೀಕರಣಕ್ಕೆ ಸೇರಿದ ಮೇಲೆ ಅಪರಿಚಿತ ವಸ್ತುವಿಗೆ ನಿಲ್ಲುವ ನಿಯಮ ಯಾಕೆ, ಗಾಳಿಗೆ ಹಾರುವ ಚೀಲಕ್ಕೆಲ್ಲ ಊರು ನಿಲ್ಲುತ್ತದೆ ಎಂದು ಅದನ್ನು ತೆಗೆದುಹಾಕಿಸಿದರು. ಬೇಡ ಎಂದು ಬರೆದುಕೊಟ್ಟೆ. ಓದಿದಂತೆ ಕಾಣಲಿಲ್ಲ.

ಮರುದಿನ ನಾನು ರಸ್ತೆಗೆ ಇಳಿದಾಗ ಕಾರುಗಳು ಸದ್ದಿಲ್ಲದೆ ನಿಂತವು, ದಾಟಿದ ಮೇಲೆ ಹೊರಟವು. ಬೀರೇಶ ಬರಲಿಲ್ಲ. ಅಷ್ಟು ಸಣ್ಣ ವಿಷಯಕ್ಕೆ ನನ್ನ ಕಣ್ಣು ತುಂಬಿತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಆಯುಧ ಪೂಜೆ ಬಂತು. ಹಿರೇಕೆರೆಯಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಸ್ವಂತ ಮಗುವಿನ ಮೈ ತೊಳೆಯಲು ಹೇಸುವವರೂ ಅಂದು ಟಯರು ತಿಕ್ಕಿಸುತ್ತಾರೆ. ಬಾಳೆಕಂದು, ಸೇವಂತಿಗೆ ಹಾರ, ಚಕ್ರಕ್ಕೆ ನಿಂಬೆಹಣ್ಣು, ಮೂತಿಗೆ ವಿಭೂತಿ. ಕೊನೆಗೆ ಕಾರಿನ ಮುಂದೆ ಬೂದುಗುಂಬಳಕಾಯಿ ಇಟ್ಟು, ಕುಂಕುಮ ಹಚ್ಚಿ, ದೃಷ್ಟಿ ತೆಗೆದು, ನಡುರಸ್ತೆಯಲ್ಲಿ ಒಡೆಯಬೇಕು, ಅವಸರದವರು ಒಡೆಯದೆ ಹಾಗೇ ಬಿಡುವುದೂ ಉಂಟು. ಇಷ್ಟೂ ಕೆಲಸಕ್ಕೆ ಸಂಬಳದ ಆಳುಗಳು ಬೇರೆ ಬರುತ್ತಾರೆ, ತಮ್ಮ ಗಾಡಿಗೆ ಜೋತುಬಿದ್ದುಕೊಂಡೇ, ನೆಲಕ್ಕೆ ಕಾಲಿಡದೆ ಮುಗಿಸುತ್ತಾರೆ. ಪೂಜೆ ಮಾಡಲು ನನಗೆ ಕಾರಿಲ್ಲವಲ್ಲ, ಹಾಗಾಗಿ ಅಂದು ನಿಯಂತ್ರಣ ಕೊಠಡಿಯ ಪಾಳಿ ನನ್ನೊಬ್ಬಳದೇ.

ಸಂಜೆ ಊರೆಲ್ಲ ಪೂಜೆ ಮುಗಿಸಿ ಸವಾರಿ ಹೊರಟ ಹೊತ್ತಿಗೆ ಗೋಡೆಯ ಮೇಲಿನ ನಕಾಶೆ ಕೆಂಪಾಯಿತು. ಮೊದಲು ಒಂದು ಬಡಾವಣೆ, ಆಮೇಲೆ ಇಡೀ ಊರು. ಪ್ರತಿ ಕಾರಿನ ಮುಂದೂ ದಾರಿಗಣ್ಣು ಒಂದೇ ಮಾತು ಬರೆಯುತ್ತಿತ್ತು, ಪಾದಚಾರಿ ಎದುರಿಗಿದ್ದಾರೆ. ಕೆಲವು ಕಡೆ ಇನ್ನೂ ಗಂಭೀರ, ಪಾದಚಾರಿ ಬಿದ್ದಿದ್ದಾರೆ, ರಸ್ತೆ ಮುಚ್ಚಲಾಗಿದೆ. ಜೀವಮಾನದಲ್ಲಿ ನಡೆಯದ ಊರು ಒಂದೇ ಸಂಜೆಗೆ ಪಾದಚಾರಿಗಳಿಂದ ತುಂಬಿತೇ ಎಂದು ನಾನು ಒಂದು ಚಿತ್ರ ದೊಡ್ಡದು ಮಾಡಿ ನೋಡಿದೆ. ಬೂದುಗುಂಬಳಕಾಯಿ. ಬಿಳಿ ಬೂದಿ ಮೆತ್ತಿದ ಗುಂಡು ಮೈ, ನಡುವೆ ಅಗಲ ಕುಂಕುಮ. ಆ ತೆರೆಯ ಗಾಜಿನಲ್ಲೇ ನನ್ನ ಮುಖವೂ ಕಂಡಿತು. ಬೆಳ್ಳಗಾದ ಕತ್ತರಿಸಿದ ಕೂದಲು, ಅಮ್ಮನಿಂದ ಬಂದ ಅಭ್ಯಾಸದ ಅಗಲ ಕುಂಕುಮ. ದಾರಿಗಣ್ಣು ತಪ್ಪು ಮಾಡಿರಲಿಲ್ಲ. ಅದಕ್ಕೆ ಕಲಿಸಿದ್ದು ಇಷ್ಟೇ. ಊರಿನ ಪ್ರತಿ ಕಾರಿನ ಮುಂದೆ ನಾನು ನಿಂತಿದ್ದೆ, ಒಡೆದ ಕಡೆಯಲ್ಲೆಲ್ಲ ನಾನು ಸತ್ತು ಬಿದ್ದಿದ್ದೆ.

ನಾನು ಕುರ್ಚಿಯಲ್ಲಿ ಕೂತು ನಕ್ಕೆ. ಬಹಳ ಹೊತ್ತು ನಕ್ಕೆ.

ನಿಶ್ಚಲ್ ಫೋನ್ ಮಾಡಿದರು. ಅವರೂ ಮೂರನೇ ವರ್ತುಲದಲ್ಲಿ ಒಡೆದ ಕಾಯಿಯ ಮುಂದೆ ಸಿಕ್ಕಿಬಿದ್ದಿದ್ದರು. ಕಾರಣ ಹೇಳಿದೆ. ಪರಿಹಾರ ಅವರಿಗೆ ತಟ್ಟನೆ ಹೊಳೆಯಿತು, ಮನುಷ್ಯನ ವರ್ಗವನ್ನೇ ಅಳಿಸಿಬಿಡಿ ಎಂದರು. ಅದು ಕೊಠಡಿಯಲ್ಲಿ ಕೂತವರಿಂದ ಮಾತ್ರ ಸಾಧ್ಯ, ಕೂತವಳು ನಾನು. ಅಳಿಸಿದರೆ ನಾಡಿದ್ದು ಗೌಡರ ಕಿಟಕಿಯಲ್ಲಿ ನಾನು ಮತ್ತೆ ಅಪರಿಚಿತ ವಸ್ತು ಎಂದೆ. ನಿಮ್ಮ ಪರವಾಗಿ ನಾನೇ ಸಾಕ್ಷಿ ಹೇಳ್ತೀನಿ ಎಂದರು. ಅವರ ಸಾಕ್ಷಿಯ ಬೆಲೆ ನನಗೆ ಗೊತ್ತಿತ್ತು.

ಅಷ್ಟರಲ್ಲಿ ಭುವನ್ ಫೋನ್ ಮಾಡಿದ. ಗಂಡಿನ ಮನೆಯವರು ಅವನ ಬೀದಿಯ ತುದಿಗೇ ಬಂದು ನಿಂತಿದ್ದರು, ಅವನು ಹಣ್ಣಿನ ತಟ್ಟೆ ಮಡಿಲಲ್ಲಿಟ್ಟುಕೊಂಡು ಈ ತುದಿಯಲ್ಲಿ ಕಾರಿನೊಳಗಿದ್ದ. ನಡುವೆ ನಾಲ್ಕು ಮನೆ.

"ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ, ನಿಮ್ಮ ನಿಶ್ಚಲ್ ಫೋನ್ ಮಾಡಿದ್ರು, ಅದೇನೋ ಅಳಿಸಬೇಕಂತಲ್ಲ, ಅಳಿಸಿಬಿಡು."

"ಕಾಲಿಗೆ ಬೀಳೋಕಾದ್ರೂ ಇಳೀಬೇಕಲ್ಲೋ. ಇಳಿದು ಆ ಕಾಯಿ ಎತ್ತಿ ಬದಿಗಿಡು, ನಾಲ್ಕು ಹೆಜ್ಜೆ ನಡಿ."

"ನಡೆಯೋದಾ? ಅವ್ರು ನೋಡ್ತಿದಾರೆ ಅಕ್ಕ."

ನಾನು ಫೋನ್ ಇಟ್ಟು, ಊರಿನ ಎಲ್ಲ ಕಾರುಗಳಿಗೂ ಕೇಳುವ ಮೈಕು ಹಾಕಿ ಹೇಳಿದೆ. ನಿಮ್ಮೆದುರಿಗೆ ಇರುವುದು ಕುಂಬಳಕಾಯಿ. ಇಳಿಯಿರಿ, ಎರಡು ಕೈಯಲ್ಲಿ ಎತ್ತಿ ಬದಿಗಿಡಿ, ಒಡೆದಿದ್ದರೆ ಕಾಲಲ್ಲಿ ತಳ್ಳಿ. ಇದಕ್ಕೆ ಉತ್ತರವಾಗಿ ಇಡೀ ಊರು ಹಾರ್ನ್ ಒತ್ತಿತು. ಕುಂಬಳಕಾಯಿಗೆ ಹಾರ್ನ್ ಹೊಡೆದರೆ ಅದು ಎದ್ದು ಹೋಗುತ್ತದೆ ಎಂದು ನಂಬುವ ಜನ ಇವರು. ಕೆಲವರು ಬೀರೇಶನನ್ನು ಕರೆದರು. ಬೀರೇಶನ ಲಾರಿಯ ಮುಂದೆ ಎಲ್ಲರದಕ್ಕಿಂತ ದೊಡ್ಡ ಕಾಯಿ ಇತ್ತು.

ಕೊನೆಗೆ ಅವರನ್ನು ಇಳಿಸಿದ್ದು ನನ್ನ ಮಾತಲ್ಲ, ಹಬ್ಬದೂಟದ ಜೊತೆ ಕುಡಿದ ಪಾನಕ. ದೇಹಬಾಧೆಗೆ ಅಂತಸ್ತು ಗೊತ್ತಿಲ್ಲ. ಮೊದಲು ಒಂದು ಬಾಗಿಲು ತೆರೆಯಿತು, ಆಮೇಲೆ ಹತ್ತು, ಆಮೇಲೆ ಬೀದಿ ಬೀದಿ. ರೇಷ್ಮೆ ಪಂಚೆ, ಜರಿ ಸೀರೆ, ಬರಿಗಾಲು. ಡಾಂಬರು ಚುಚ್ಚುತ್ತದೆ ಎಂದು ಕುಣಿಯುತ್ತಿದ್ದರು. ತೆರೆಯ ಮೇಲೆ ಭುವನ್ ಕೂಡ ಕಂಡ. ಹಣ್ಣಿನ ತಟ್ಟೆ ಸೀಟಿನ ಮೇಲಿಟ್ಟು, ಬಾಗಿಲು ತೆರೆದಿಟ್ಟೇ ಕಳ್ಳನ ಹಾಗೆ ಇಳಿದು, ತನ್ನ ಕಾರಿನ ಮುಂದಿನ ಕಾಯಿ ಎತ್ತಿ ಬದಿಗಿಟ್ಟ. ಬೀದಿಯಲ್ಲಿ ಅದೊಂದೇ ಉಳಿದಿತ್ತು.

ಆಗ ನನಗೆ ತಿಳಿಯಿತು. ತೆರೆಯ ಮೇಲೆ ಪ್ರತಿ ಕಾಯಿಯ ಪಕ್ಕದಲ್ಲಿ ಪಾದಚಾರಿ ಎಂದು ಬರೆದಿತ್ತು. ನಡುರಸ್ತೆಯಲ್ಲಿ ನಿಂತ ಭುವನ್ ಪಕ್ಕದಲ್ಲಿ ಏನೂ ಬರೆದಿರಲಿಲ್ಲ. ಅವನ ಕೂದಲಿಗೆ ಕಪ್ಪು ಬಣ್ಣ, ಹಣೆ ಖಾಲಿ. ದಾರಿಗಣ್ಣಿಗೆ ಅವನು ಮನುಷ್ಯನಲ್ಲ, ಹಸುವಲ್ಲ, ಗೋಡೆಯೂ ಅಲ್ಲ. ಅಪರಿಚಿತ ವಸ್ತುವಿಗೆ ನಿಲ್ಲುವ ನಿಯಮವನ್ನು ನಿಶ್ಚಲ್ ಕಿತ್ತುಹಾಕಿದ್ದರು. ಕಾಯಿ ಬದಿಗೆ ಹೋದದ್ದೇ ದಾರಿ ತೆರವಾಯಿತೆಂದು ಅವನ ಹಿಂದಿನ ಕಾರುಗಳು ಹೊರಟವು. ಹೊರಟ ಕಾರುಗಳಲ್ಲಿ ಕೂತವರು ತಲೆ ತಗ್ಗಿಸಿ ಹೋಳಿಗೆ ತಿನ್ನುತ್ತಿದ್ದರು.

ಮೈಕಿನಲ್ಲಿ ಕೂಗಿದೆ. "ಭುವನ್, ಆ ಕಾಯಿ ತಲೆ ಮೇಲೆ ಇಟ್ಕೊಳ್ಳೋ."

ಬೇರೆ ಯಾರಾದರೂ ಆಗಿದ್ದರೆ ಯಾಕೆ ಎಂದು ಕೇಳಿ ಸಾಯುತ್ತಿದ್ದರು. ಅವನು ಚಿಕ್ಕಂದಿನಲ್ಲಿ ನನ್ನ ಏಟು ತಿಂದು ಬೆಳೆದವನು. ಬಗ್ಗಿ, ಎತ್ತಿ, ತಲೆಯ ಮೇಲೆ ಹೊತ್ತುಕೊಂಡ. ಅವನ ಪಕ್ಕದಲ್ಲಿ ಪಾದಚಾರಿ ಎಂಬ ಅಕ್ಷರ ಮೂಡಿತು. ಕಾರಿನ ಮೂತಿ ಅವನ ಮೊಣಕಾಲಿಗೆ ತಾಗಿ ನಿಂತಿತು. ನಾನು ಮೇಜು ಹಿಡಿದು ನಿಂತೆ. ಅವನ ದಡ್ಡತನವನ್ನು ತಿರಸ್ಕರಿಸಬೇಕಾದರೂ ಅವನು ಬದುಕಿರಬೇಕಲ್ಲ.

ನಂತರ ಊರಿಗೆಲ್ಲ ಅದನ್ನೇ ಹೇಳಿದೆ. ಕಾಯಿ ಎತ್ತಿಕೊಳ್ಳಿ, ಕುಂಕುಮ ಹೊರಗೆ ಕಾಣಲಿ, ತಲೆ ಮೇಲೆ ಹಿಡಿದು ಮನೆಗೆ ನಡೆಯಿರಿ. ಒಡೆದವರು ಹೋಳನ್ನಾದರೂ ಹಿಡಿಯಿರಿ. ಅಂದು ಹಿರೇಕೆರೆಯ ವೈದ್ಯರು, ವಕೀಲರು, ಕಾರ್ಪೊರೇಟರುಗಳು ಕುಂಕುಮದ ನೀರು ಕೆನ್ನೆಗೆ ಸುರಿಯುತ್ತಾ ಸಾಲಾಗಿ ಮನೆಗೆ ನಡೆದರು. ನಿಶ್ಚಲ್ ಅವರ ತಲೆಯ ಮೇಲೆ ಅರ್ಧ ಕಾಯಿ ಇತ್ತು. ಭುವನ್ ಕಾಯಿ ಹೊತ್ತುಕೊಂಡೇ ಬೀಗರಿಗೆ ನಮಸ್ಕಾರ ಮಾಡಿದ, ಬೀಗರೂ ಕಾಯಿ ಹೊತ್ತುಕೊಂಡೇ ಪ್ರತಿನಮಸ್ಕಾರ ಮಾಡಿದರು. ಸಂಬಂಧ ಕುದುರಿತು. ಇಬ್ಬರೂ ಒಬ್ಬರನ್ನೊಬ್ಬರು ಆ ಸ್ಥಿತಿಯಲ್ಲಿ ನೋಡಿದ ಮೇಲೆ ಬೇರೆ ದಾರಿಯಿರಲಿಲ್ಲ.

ಇಷ್ಟಾದ ಮೇಲೆ ದಾರಿಗಣ್ಣಿಗೆ ಎಲ್ಲ ಬಗೆಯ ಮನುಷ್ಯರನ್ನೂ ಕಲಿಸುತ್ತಾರೆ ಎಂದು ನೀವು ಎಣಿಸಿದರೆ, ನಿಮಗೆ ನಮ್ಮೂರಿನ ಪರಿಚಯವಿಲ್ಲ. ಈಗ ಚಿತ್ರಗಳು ಬೇಕಾದಷ್ಟಿದ್ದವು, ಆದರೆ ಆ ಅವತಾರದ ಚಿತ್ರ ಯಾವ ಯಂತ್ರಕ್ಕೂ ತೋರಿಸಕೂಡದು ಎಂದು ಗಣ್ಯರೆಲ್ಲ ಸೇರಿ ಅಳಿಸಿಹಾಕಿಸಿದರು. ಮನುಷ್ಯನ ವರ್ಗವನ್ನು ಅಳಿಸಲು ಮಾತ್ರ ಯಾರಿಗೂ ಧೈರ್ಯ ಬರಲಿಲ್ಲ. ಕಾರಿನ ಮೂತಿ ಎಷ್ಟು ತಣ್ಣಗಿರುತ್ತದೆ ಎಂದು ಎಲ್ಲರ ಮೊಣಕಾಲಿಗೂ ಗೊತ್ತಾಗಿತ್ತು.

ರಜೆ ಮುಗಿಯಿತು. ಗೌಡರ ಕಿಟಕಿಯ ಮುಂದೆ ಭುವನ್ ಕಾರಿನಲ್ಲಿ ಕೂತಿದ್ದ, ನಾನು ಪಕ್ಕದಲ್ಲಿ ನಿಂತಿದ್ದೆ. ಗೌಡರ ಕಿವಿಯ ಹಿಂದೆ ಇನ್ನೂ ಸ್ವಲ್ಪ ಕುಂಕುಮ ಉಳಿದಿತ್ತು. ಅವರು ತೀರ್ಪು ಓದಿದರು. ಪಾದಚಾರಿ ಎಂಬ ವರ್ಗ ಅಸ್ತಿತ್ವದಲ್ಲಿರುವುದರಿಂದ ಸಹನಾ ಅವರು ಆಶ್ರಿತರಲ್ಲ, ಅರ್ಜಿ ವಜಾ ಮಾಡಿದೆ. ನಾನು ಹೊರಡಲು ತಿರುಗಿದೆ. ಅವರು ಇನ್ನೂ ಓದುತ್ತಿದ್ದರು. ಇನ್ನು ಮುಂದೆ ನಗರದಲ್ಲಿ ನಡೆಯಬಯಸುವವರು ತಮ್ಮ ಸುರಕ್ಷತೆಗಾಗಿ, ಕುಂಕುಮ ಹಚ್ಚಿದ ಬೂದುಗುಂಬಳಕಾಯಿಯೊಂದನ್ನು ತಲೆಯ ಮಟ್ಟದಲ್ಲಿ ಧರಿಸತಕ್ಕದ್ದು.

ಯಾರೂ ನಗಲಿಲ್ಲ. ಹಿಂದಿನ ಕಾರಿನವರು ಇದೇ ಸರಿ ಎಂಬಂತೆ ತಲೆಯಾಡಿಸಿದರು.

ಭುವನ್ ಹಿಂದಿನ ಸೀಟಿಗೆ ಕೈಚಾಚಿ ಒಂದು ಕಾಯಿ ಎತ್ತಿ ಕಿಟಕಿಯಿಂದ ನನ್ನತ್ತ ಹಿಡಿದ. ಅವನಿಗೆ ಆದೇಶದ ಸುದ್ದಿ ಮೊದಲೇ ಸಿಕ್ಕಿತ್ತು. ಮುಖದಲ್ಲಿ ನಿಜವಾದ ಅಕ್ಕರೆಯಿತ್ತು.

"ತಗೋ ಅಕ್ಕ, ಎಳೇದು ನೋಡಿ ತಂದಿದೀನಿ, ಭಾರ ಇಲ್ಲ."

"ನೀನೇ ಇಟ್ಕೋ ಕಣೋ," ಎಂದೆ. "ನನ್ನನ್ನ ನೋಡಿದ್ರೆ ಅದಕ್ಕೆ ಮನುಷ್ಯಳು ಅಂತ ಗೊತ್ತಾಗುತ್ತೆ. ಗೊತ್ತಾಗದೆ ಇರೋದು ನಿಮ್ಮನ್ನ."

ಅವನು ಕಾಯಿಯನ್ನು ಹಾಗೇ ಹೊರಗೆ ಚಾಚಿಕೊಂಡು ಕೂತಿದ್ದ. ನಾನು ಬರಿಗೈಯಲ್ಲಿ ರಸ್ತೆಗೆ ಇಳಿದೆ. ಎರಡೂ ಕಡೆಯ ಕಾರುಗಳು ನಿಂತವು, ನಾನು ಅವಸರವಿಲ್ಲದೆ ದಾಟಿದೆ.